ಹಾಡು ಎಲ್ಲಿಂದ ಹುಟ್ಟತಾವ ಅಂತ ಕೇಳಿದ ಜಮಖಂಡಿ ತಮ್ಮಗ

ತಮ್ಮಾ,

ನಿನ್ನ ಪತ್ರ ಬಂದು ಮೂರು ವಾರ ಆತು. ತಡ ಆಗಿದ್ದಕ್ಕ ಕಾರಣ ಇಷ್ಟ, ಎರಡು ಸಾಲಿನ್ಯಾಗ ಉತ್ತರ ಬರದು ಮುಗಿಸಾಕ ಮನಸ್ಸಾಗಲಿಲ್ಲ. ನೀ ‘ಅಕ್ಕಾರ’ ಅಂತ ಶುರು ಮಾಡೀದಿ, ಹಂಗಾಗಿ ನಾನೂ ನೀ ಅಂತನ ಬರೀತೀನಿ.

ಉಳಿದ ಓದುಗರಿಗೆ ಪತ್ರದಾಗ ಏನಿತ್ತು ಅಂತ ಹೇಳಿಬಿಡ್ತೀನಿ. ಈ ತಮ್ಮ ಜಮಖಂಡಿ ಕಡಿಯಾಂವ, ಬೆಳಗಾವಿ ಉದ್ಯಮಬಾಗದಾಗ ಇಂಜಿನಿಯರಿಂಗ್ ಓದಾಕತ್ತಾನ, ರೂಮಿನ ನಾಕು ಮಂದಿ ಕೂಡಿ ಒಂದು ಬ್ಯಾಂಡ್ ಕಟ್ಟ್ಯಾರ, ಎರಡು ಗಿಟಾರು, ಒಂದು ಕಹೋನು (ಮ್ಯಾಲ ಕುಂತು ಬಡಿಯೋ ಕಟ್ಟಿಗಿ ಡಬ್ಬಿ), ಒಂದು ಹಳೇ ಕೀಬೋರ್ಡು. ನಮ್ಮ ಹಿಂದಿನ ಸಂಚಿಕಿಯೊಳಗ ಅಮೆರಿಕದ ಆರ್.ಇ.ಎಂ. ಬ್ಯಾಂಡಿನ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಮ್ ಬಗ್ಗೆ ಒಂದು ಪುಟ ಬಂದಿತ್ತಲ್ಲ, ಅದನ್ನ ಓದಿ, ಆಲ್ಬಮ್ ಪೂರಾ ಕೇಳಿ ಬರದಾನ. ತಕರಾರು ಒಂದು, ಪ್ರಶ್ನೆ ಎರಡು. ತಕರಾರು ಏನಂದ್ರ ‘ಎವರಿಬಡಿ ಹರ್ಟ್ಸ್’ ಹಾಡು ಬ್ಯಾಂಡಿನ ಹಾಡುಗಾರ ಮೈಕಲ್ ಸ್ಟೈಪ್ ಬರದದ್ದು ಅಂತ ನಾವು ಹಾಕಿದ್ದು ತಪ್ಪೈತಿ. ಮೊದಲನೇ ಪ್ರಶ್ನೆ, ಈ ಹಾಡುಗಳಿಗೆ ಸ್ಫೂರ್ತಿ ಎಲ್ಲಿಂದ ಬಂತು, ನಾವು ಬರದ ಹಾಡು ಯಾಕ ನಮಗ ಸುಳ್ಳು ಅನ್ನಿಸ್ತಾವ. ಎರಡನೇದು ಅವನದಲ್ಲ, ಅವರ ಅವ್ವಂದು: ‘ಸತ್ತವರ ಮನಿ ಹಾಡು ಇದ್ದಂಗ ಅದಾವಲ್ಲೋ, ಇವನ್ನ ಯಾಕ ಕೇಳ್ತಿ?’

ಮೊದಲು ತಪ್ಪು ಒಪ್ಪಿಕೊಂಡು ಬಿಡ್ತೀನಿ. ನಿನ್ನ ಮಾತು ಖರೇ ಐತಿ. ಆ ಹಾಡಿನ ಬಹುಪಾಲು ಡ್ರಮ್ಮರ್ ಬಿಲ್ ಬೆರಿದು. ಅವರು ಎಲ್ಲಾ ಹಾಡಿಗೂ ನಾಕೂ ಮಂದಿ ಹೆಸರು ಹಾಕತಿದ್ರು, ನಾವು ಹಾಡಿದಾಂವನ ಬರದಿರಬೇಕು ಅಂತ ತಿಳಕೊಂಡು ಹಾಕಿಬಿಟ್ವಿ, ನೋಡಿ ಹಾಕಬೇಕಿತ್ತು, ಕ್ಷಮಾ ಇರಲಿ. ಈಗ ಇನ್ನೊಮ್ಮೆ ಆ ಹಾಡು ಹಚ್ಚಿ ಕೇಳು, ಡ್ರಮ್ಮರ್ ಬರದ ಹಾಡಿನ್ಯಾಗ ತಾಳ ಹಿಡಿಯೋದು ಡ್ರಮ್ ಮಷೀನು, ಟಕ್ ಟಕ್ ಅಂತ ಗಡಿಯಾರಿದ್ದಂಗ. ಸ್ಟೈಪ್ ಸಾಮಾನ್ಯವಾಗಿ ಒಗಟಿನಂಗ ಬರಿಯೋ ಮನಷಾ, ಇಲ್ಲಿ ಮಾತು ಭಾಳ ಸರಳ ಇಟ್ಟಾರ. ಹರೇದ ಹುಡುಗೂರಿಗೆ ತಿಳೀಬೇಕು ಅಂತನ ಹಂಗ ಮಾಡಿದ್ದು ಅಂತ ಗಿಟಾರ್ ನುಡಸೋ ಪೀಟರ್ ಬಕ್ ಹೇಳ್ಯಾರ. ಹೈಸ್ಕೂಲಿನ್ಯಾಗ ಕೂತು ‘ನಂದು ಮುಗೀತು’ ಅಂತ ಅನ್ಕೊಂಡ ಹುಡುಗಗ ಒಗಟು ಕೊಟ್ಟು ಏನು ಮಾಡೋದು, ಅವಂಗ ಬೇಕಾದದ್ದು ಕೈ ಹಿಡಿಯೋ ಮಾತು. 1995ರಾಗ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆಯವ್ರು, ಅಂದ್ರ ಜೀವ ಬ್ಯಾಡಾದವರ ಫೋನ್ ಎತ್ತಿ ಮಾತಾಡಸೋವ್ರು, ಈ ಹಾಡಿನ ಸಾಲುಗಳನ್ನ ತಮ್ಮ ಪ್ರಚಾರಕ್ಕ ತಗೊಂಡ್ರು. ಈ ಮಾತು ಬಂತಂದ್ರ ಇದನ್ನೂ ಹೇಳೇ ಮುಂದ ಹೋಗತೀನಿ, ನಮ್ಮ ದೇಶದಾಗ ಟೆಲಿ ಮಾನಸ್ ಐತಿ, ನಂಬರ್ 14416, ಕನ್ನಡದಾಗೂ ಮಾತಾಡ್ತಾರ, ಹಾಸ್ಟೆಲ್ ಗ್ವಾಡಿ ಮ್ಯಾಲ ಬರದು ಇಡ್ರಿ.

ಇನ್ನ ಸ್ಫೂರ್ತಿ. ಆ ಶಬ್ದ ಕೇಳಿದ್ರ ಏನೋ ಮ್ಯಾಲಿಂದ ಮಿಂಚು ಬಡದಂಗ ಅನ್ನಿಸ್ತೈತಿ. ಈ ಆಲ್ಬಮ್ಮಿನ ಹೆಸರು ಎಲ್ಲಿಂದ ಬಂತು ನೋಡು ಹಂಗಾರ. ಆರ್.ಇ.ಎಂ. 1980ರಾಗ ಹುಟ್ಟಿದ್ದು ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನೋ ಕಾಲೇಜ್ ಊರಾಗ. ದೊಡ್ಡ ಸಿಟಿ ಅಲ್ಲ, ಯೂನಿವರ್ಸಿಟಿ ಇರೋ ಊರು, ಹುಡುಗೂರು ಬರೋದು ಹೋಗೋದು. ಅಲ್ಲಿ ವೀವರ್ ಡೀಸ್ ಅಂತ ಒಂದು ಸಣ್ಣ ಊಟದ ಹೋಟೆಲ್, ನಡಸೋವ್ರು ಡೆಕ್ಸ್ಟರ್ ವೀವರ್. ಗಿರಾಕಿ ಏನರ ಕೇಳಿದ್ರ ಅವರು ಅನ್ನೋದು ‘ಆಟೋಮ್ಯಾಟಿಕ್’. ಅಂದ್ರ ಆತು, ತಯಾರೈತಿ, ಬಂತು. ಹೋಟೆಲ್ ಬೋರ್ಡಿನ ಮ್ಯಾಲೂ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಅಂತ ಬರಸಿದ್ರು. ಬ್ಯಾಂಡಿನವ್ರು ಅವರ ಒಪ್ಪಿಗಿ ಕೇಳಿ ಆ ಮಾತು ತಗೊಂಡ್ರು, ಅದ ಆಲ್ಬಮ್ಮಿನ ಹೆಸರಾತು.

ನಾ ಇದನ್ನ ಮೊದಲ ಸಲ ಓದಿದಾಗ ನನಗ ಅಥೆನ್ಸ್ ಕಾಣಲಿಲ್ಲ, ಬಾಗಲಕೋಟಿ ಬಸ್‌ಸ್ಟ್ಯಾಂಡ್ ಕಡೆ ಒಂದು ಖಾನಾವಳಿ ಕಂಡಿತು. ಒಳಗ ರೊಟ್ಟಿ ಬಡಿಯೋ ಸಪ್ಪಳ, ಸ್ಟೀಲ್ ತಾಟಿನ್ಯಾಗ ಎಣಿಗಾಯಿ, ಶೇಂಗಾ ಹಿಂಡಿ, ಕೈಯಿಂದ ಗುದ್ದಿದ ಉಳ್ಳಾಗಡ್ಡಿ, ಬಡಸೋ ಕಾಕಾನ ಹೆಗಲ ಮ್ಯಾಲ ಒಂದು ಟಾವೆಲ್ಲು. ನೀ ರೊಟ್ಟಿ ಅನ್ನು, ಮೊಸರು ಅನ್ನು, ನೀರು ಅನ್ನು, ಆ ಕಾಕಾ ನಿನ್ನ ಕಡೆ ತಿರುಗಿ ಸುದ್ದಾ ನೋಡದ ‘ಬಂತ್ರೀ’ ಅಂತಾನ. ಮೂವತ್ತು ತಾಟಿಗೆ ಮೂವತ್ತು ‘ಬಂತ್ರೀ’, ಒಂದೊಂದರ ರಾಗ ಬ್ಯಾರೆ. ನಾವು ದಿನಾ ಕೇಳ್ತೀವಿ, ಅದು ಹಾಡಿನ ಹೆಸರಾದೀತು ಅಂತ ಒಮ್ಮೆರ ಅನ್ಕೊಂಡೀವಿ? ಆ ನಾಕು ಮಂದಿ ಅನ್ಕೊಂಡ್ರು. ಅವರ ಹಿಂದಿನ ಆಲ್ಬಮ್, 1991ರದ್ದು, ಜಗತ್ತೆಲ್ಲಾ ಓಡಿತ್ತು, ಯಾವ ಭಾರೀ ಹೆಸರು ಬೇಕಾದ್ರೂ ಇಡಬಹುದಿತ್ತು, ಅಂಥಾ ಹೊತ್ತಿನ್ಯಾಗ ಊರಿನ ಹೋಟೆಲ್ಲಿನ ಮಾತು ಎತ್ತಿಕೊಂಡ್ರು. ನನಗ ಈ ಆಲ್ಬಮ್ ಮ್ಯಾಲ ಮೊದಲ ಪ್ರೀತಿ ಹುಟ್ಟಿದ್ದು ಇಲ್ಲೇ.

‘ಟ್ರೈ ನಾಟ್ ಟು ಬ್ರೀದ್’ ಹಾಡಿನ ಕತಿ ಇನ್ನೂ ಸಣ್ಣದು. ಪೀಟರ್ ಬಕ್ ಅದರ ಡೆಮೊ ರೆಕಾರ್ಡ್ ಮಾಡಬೇಕಾದ್ರ ಮೈಕು ಭಾಳ ಹತ್ರ ಇತ್ತು, ನುಡಸೋದರ ಜೋಡಿ ಅವರ ಉಸಿರೂ ಕೇಳಿಸ್ತಿತ್ತು, ರೆಕಾರ್ಡ್ ಮಾಡೋವ್ರು ಹಂಗಂದಾಗ ಬಕ್ ‘ಉಸಿರಾಡಲಾರದಂಗ ನೋಡ್ತೀನಿ ತಗೋ’ ಅಂದ್ರಂತ. ಅಷ್ಟ. ಸ್ಟೈಪ್ ಆ ಮಾತು ಹಿಡದ್ರು, ಅದರ ಸುತ್ತ ಒಂದು ಮುದುಕ ಜೀವ ಕುಂದರಿಸಿದ್ರು. ನಾ ಸಾಕಷ್ಟು ಬದುಕೀನಿ, ನೋಡೋದೆಲ್ಲಾ ನೋಡೀನಿ, ಇನ್ನ ನಿಮಗ ಭಾರ ಆಗೂದಿಲ್ಲ ಅನ್ನೋ ದನಿ ಅದು. ಸ್ಟುಡಿಯೋದಾಗ ಕೆಲಸದ ನಡುವ ಬಿದ್ದ ಒಂದು ಮಾತು ಸಾವಿನ ಹಾಡಾತು. ಆವಾಗ ಸ್ಟೈಪ್ ಅವರಿಗೆ 32 ವರ್ಷ, ನಾಕರೊಳಗ ಹಿರಿಯ ಬಕ್ ಅವರಿಗೆ 35. ಮುದುಕರಾಗಿರಲಿಲ್ಲ, ಮುದುಕರ ಮಾತು ಕಿವಿಗೊಟ್ಟು ಕೇಳಿದವ್ರು ಅಂತ ಮಾತ್ರ ನಾ ಹೇಳಬಲ್ಲೆ.

‘ನೈಟ್‌ಸ್ವಿಮಿಂಗ್’ ನೀ ರಾತ್ರಿ ಎರಡಕ್ಕ ಕೇಳಿದಿ ಅಂತ ಬರದೀದಿ, ಅದನ್ನ ಕೇಳೋ ಹೊತ್ತ ಅದು. ಹಾಡು ತುಂಬಾ ಬ್ಯಾಂಡಿನ ಬೇಸ್ ಗಿಟಾರ್ ನುಡಸೋ ಮೈಕ್ ಮಿಲ್ಸ್ ಅವರ ಪಿಯಾನೋ, ಹಿಂದ ತಂತಿವಾದ್ಯ, ಕೊನೀಕ ಒಂದು ಓಬೋ ಅನ್ನೋ ಊದೋ ವಾದ್ಯ. ಬ್ಯಾಂಡ್ ಇನ್ನೂ ಸಣ್ಣದಿದ್ದಾಗ ಅಥೆನ್ಸಿನ್ಯಾಗ ರಾತ್ರಿ ಹಾಡು ಕುಣಿತ ಮುಗಿಸಿ ಗೆಳ್ಯಾರೆಲ್ಲಾ ಊರ ಹೊರಗ ನೀರಿಗೆ ಬಿದ್ದು ಈಸತಿದ್ರಂತ, ಅದರ ನೆನಪು ಅಂತ ಮಿಲ್ಸ್ ಹೇಳ್ಯಾರ. ಆ ಪಿಯಾನೋ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದ್ದು, ಎರಿಕ್ ಕ್ಲಾಪ್ಟನ್ ಹಾಡಿದ ‘ಲೈಲಾ’ ಹಾಡಿನ ಕೊನೇ ಭಾಗಕ್ಕ ನುಡಸಿದ್ದ ಪಿಯಾನೋನ ಅದು. ತಂತಿವಾದ್ಯದ ಭಾಗ ಬರಕೊಟ್ಟವ್ರು ಬ್ರಿಟನ್ನಿನ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್ನಿನ ಜಾನ್ ಪಾಲ್ ಜೋನ್ಸ್, ಇದೂ ಸೇರಿ ನಾಕು ಹಾಡಿಗೆ. ಇಷ್ಟು ದೊಡ್ಡ ದೊಡ್ಡ ಕೈ ಬಿದ್ದರೂ ಹಾಡಿನ ಒಳಗ ಇರೋದು ನೀರು, ಕತ್ತಲಿ, ಇವತ್ತು ಜೋಡಿ ಇಲ್ಲದ ಗೆಳ್ಯಾರು, ಅಷ್ಟ. ಬಾವಿಯೊಳಗ ಈಸ ಕಲತ ಜಮಖಂಡಿ ಹುಡುಗಗ ಇದನ್ನ ನಾ ಬಿಡಿಸಿ ಹೇಳಬೇಕಿಲ್ಲ.

‘ಮ್ಯಾನ್ ಆನ್ ದ ಮೂನ್’ ಹಾಡಿನ ಸಂಗೀತ ಮೊದಲ ತಯಾರಾಗಿತ್ತು, ಮಾತು ಮಾತ್ರ ಬರವಲ್ಲದು. ಆಲ್ಬಮ್ ಸಿಯಾಟಲ್ಲಿನ್ಯಾಗ ಮಿಕ್ಸ್ ಆಗಾಕತ್ತಿತ್ತು, ಉಳಿದ ಮೂವರು ಈ ಟ್ಯೂನ್ ಬಿಡಬ್ಯಾಡ ಅಂತ ಬೆನ್ನು ಹತ್ತಿದ್ರು, ಸ್ಟೈಪ್ ಟ್ಯೂನ್ ಕಿವಿಗೆ ಹಾಕ್ಕೊಂಡು ಊರೆಲ್ಲಾ ಅಡ್ಡಾಡಿ ಅಡ್ಡಾಡಿ ಬರದು ತಂದ್ರು. ಅದು ಆಂಡಿ ಕಾಫ್ಮನ್ ಅನ್ನೋ ಹಾಸ್ಯಗಾರನ ಮ್ಯಾಲ, 1984ರಾಗ 35ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಹೋದಾಂವ. ಎಲ್ವಿಸ್‌ನ ಹಂಗ ವೇಷ ಹಾಕ್ತಿದ್ದ, ಹೆಣ್ಣುಮಕ್ಕಳ ಜೋಡಿ ಕುಸ್ತಿ ಹಿಡೀತಿದ್ದ, ಯಾವುದು ನಾಟಕ ಯಾವುದು ಖರೇ ಅಂತ ಯಾರಿಗೂ ತಿಳೀಗೊಡಲಿಲ್ಲ, ಹಂಗಾಗಿ ಸತ್ತಾನಂದ್ರೂ ಮಂದಿ ನಂಬವಲ್ಲರು. ಹಾಡಿನ್ಯಾಗ ಅಷ್ಟೊಂದು ‘ಯಾ ಯಾ’ ಯಾಕ ಅಂತ ಕೇಳೀದಿ. ತಮ್ಮ ಗೆಳೆಯ, ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೈನ್ ಹಾಡಿನ್ಯಾಗ ಇರೋದಕ್ಕಿಂತ ಜಾಸ್ತಿ ಹಾಕಬೇಕು ಅಂತ ಹಟ ಇತ್ತು ಅಂತ ಸ್ಟೈಪ್ ಅವರ ಹೇಳ್ಯಾರ.

ಉಳಿದವು ಜಲ್ದಿ ಹೇಳ್ತೀನಿ. ‘ಡ್ರೈವ್’ ಹಾಡಿನ ಹಿಂದ 1973ರ ಡೇವಿಡ್ ಎಸೆಕ್ಸ್ ಹಾಡೊಂದರ ನೆರಳೈತಿ. ‘ಮಾಂಟಿ ಗಾಟ್ ಎ ರಾ ಡೀಲ್’ ನಟ ಮಾಂಟ್ಗಮರಿ ಕ್ಲಿಫ್ಟ್ ಮ್ಯಾಲಿಂದು, 1956ರ ಕಾರ್ ಅಪಘಾತದಾಗ ಮುಖಕ್ಕ ಪೆಟ್ಟು ತಿಂದು ಹತ್ತು ವರ್ಷಕ್ಕ ತೀರಿಕೊಂಡ ಚೆಲುವ. ‘ಇಗ್ನೋರ್‌ಲ್ಯಾಂಡ್’ ರೇಗನ್ ಮತ್ತ ಬುಷ್ ಸರ್ಕಾರದ ವರ್ಷಗಳ ಮ್ಯಾಲಿನ ಸಿಟ್ಟು, ನನಗ ಈ ಆಲ್ಬಮ್ಮಿನ್ಯಾಗ ಅದೊಂದ ಹೊರಗಿಂದು ಅನ್ನಿಸ್ತೈತಿ, ಸಿಟ್ಟು ಖರೇ ಇದ್ರೂ ಮೈಗೆ ಹತ್ತೂದಿಲ್ಲ. ಕವರಿನ ಮ್ಯಾಲಿನ ನಕ್ಷತ್ರ ಮಯಾಮಿಯ ಸಿಂದ್‌ಬಾದ್ ಅನ್ನೋ ಮೋಟೆಲ್ಲಿನ ಬೋರ್ಡಿನ್ಯಾಗಿನ ಅಲಂಕಾರ, ಆಕಾಶದ್ದಲ್ಲ.

ಕೊನೇ ಹಾಡು ‘ಫೈಂಡ್ ದ ರಿವರ್’ ಮಾತ್ರ ಹಂಗ ದಾಟಾಕ ಆಗೂದಿಲ್ಲ. ಹೊಳಿ ಕಡಲಿಗೆ ಹೊಂಟ ಹಾಡು ಅದು, ನಡುವ ಶುಂಠಿ, ಲಿಂಬಿ, ಕೊತಂಬರಿ ಕಡ್ಡಿ, ಲಾವಂಚ ಇವುಗಳ ಹೆಸರು ಬರತಾವ. ಲಾವಂಚಕ್ಕ ಇಂಗ್ಲಿಷಿನವರು ‘ವೆಟಿವರ್’ ಅಂತಾರ, ಆ ಶಬ್ದ ಹೋಗಿದ್ದ ತಮಿಳಿನಿಂದ. ವಿಜಯಪುರದ ಬ್ಯಾಸಿಗಿಯೊಳಗ ನಮ್ಮ ಅಜ್ಜಿ ಮಣ್ಣಿನ ಕೊಡದಾಗ ಲಾವಂಚದ ಬೇರು ಹಾಕಿ ಇಡತಿದ್ಲು, ಆ ನೀರು ಕುಡದವರಿಗೆ ಸ್ಟೈಪ್ ಆ ಶಬ್ದ ಎತ್ತಿದ ಕೂಡಲೇ ಮೂಗಿಗೆ ಬಡೀತೈತಿ. ಹಾಡಿನ್ಯಾಗ ಸಾವು ಅನ್ನೋ ಮಾತು ಹೇಳಲಾರದ ವಾಸನಿ ಹಿಡಕೊಂಡು ಅಲ್ಲಿಗೆ ಕರಕೊಂಡು ಹೋಗ್ಯಾರ.

ಈಗ ನಿಮ್ಮ ಅವ್ವನ ಮಾತು. ಅವರು ತಪ್ಪು ಹೇಳಿಲ್ಲ. ಹನ್ನೆರಡು ಹಾಡಿನ್ಯಾಗ ಅರ್ಧಕ್ಕಿಂತ ಹೆಚ್ಚು ಸಾವು, ಮುಪ್ಪು, ಕಳಕೊಂಡಿದ್ದರ ಸುತ್ತನ ತಿರಗತಾವ, ‘ಸ್ವೀಟ್‌ನೆಸ್ ಫಾಲೋಸ್’ ಅಂತೂ ತಾಯಿ ತಂದಿನ್ನ ಮಣ್ಣು ಮಾಡಾಕ ಹೊಂಟ ಮಕ್ಕಳದು, ಕೆಳಗ ಚೆಲ್ಲೊ ಗುಂಯ್ ಅನ್ನಾಕತ್ತಿರತೈತಿ. ಆದ್ರ ಅವ್ವಗ ಒಂದು ಮಾತು ಕೇಳು, ಸತ್ತ ಮನ್ಯಾಗ ನಮ್ಮ ಮಂದಿ ಸುಮ್ಮನ ಕುಂದರತಾರೇನು? ಹೆಣ ಕುಂದರಿಸಿ, ಊರಿನ ಭಜನಿ ಮಂದಿ ಬಂದು, ಹಾರ್ಮೋನಿಯಂ, ತಾಳ, ದಮ್ಮಡಿ ಹಿಡದು ಬೆಳತನ ಹಾಡ್ತಾರ. ಯಾರ ಸಲುವಾಗಿ? ಹೋದಾಂವ ಕೇಳೂದಿಲ್ಲ. ಕುಂತವರ ಸಲುವಾಗಿ, ಆ ರಾತ್ರಿ ದಾಟಬೇಕಲ್ಲ ಅದರ ಸಲುವಾಗಿ. ರಾತ್ರಿ ಮೂರಕ್ಕ ಚಾ ಬಂದಾಗ ಅತ್ತು ಅತ್ತು ದಣದ ಹೆಣ್ಣುಮಕ್ಕಳೂ ಒಂದು ಗುಟುಕು ಕುಡೀತಾರ, ಪದ ಮತ್ತ ಏಳ್ತೈತಿ. ಈ ಆಲ್ಬಮ್ ನನಗ ಆ ಮೂರು ಗಂಟೀ ಹೊತ್ತಿನ ಹಾಡಿದ್ದಂಗ. ಅವ್ವಗ ಹಿಂಗ ಹೇಳಿ ನೋಡು, ಒಪ್ಪದಿದ್ರೂ ನಿನ್ನ ಇಯರ್‌ಫೋನ್ ಒಂದು ಸಲ ಕಿವಿಗೆ ಹಾಕ್ಕೊಂಡಾರು.

ಇನ್ನ ನಿಮ್ಮ ಹಾಡು ಯಾಕ ಸುಳ್ಳು ಅನ್ನಿಸ್ತೈತಿ ಅನ್ನೋದು. ನೀ ಕಳಿಸಿದ ಹಾಡು ಮೂರು ಸಲ ಓದೀನಿ. ರಾಗಕ್ಕ ಕೂಡ್ತೈತಿ, ಪ್ರಾಸ ಚಲೋ ಐತಿ. ಆದ್ರ ಅದರಾಗ ಸಮುದ್ರ ಮೂರು ಕಡೆ ಬಂದೈತಿ, ಹೈವೇ ಲೈಟು ಬಂದೈತಿ, ಕೃಷ್ಣಾ ಹೊಳಿ ದಂಡಿ ಹುಡುಗನ ಹಾಡಿನ್ಯಾಗ ಹೊಳಿ ಇಲ್ಲ. ಯಾರೋ ಹಾಡಿದ್ದನ್ನ ಕೇಳಿ ಬರದ ದುಃಖ ಅದು, ನಿಂದಲ್ಲ. ಭಾಷಾನೂ ಸಿನಿಮಾದ್ದು, ನೀ ಪತ್ರದಾಗ ಬರದ ಭಾಷಾ ಅದಲ್ಲ.

ನಮ್ಮ ಬೆಳಗಾವಿ ಪಕ್ಕದ ಸುಳೇಭಾವಿಯೊಳಗ 1924ರಾಗ ಹುಟ್ಟಿದ ಹಿಂದೂಸ್ತಾನಿ ಹಾಡುಗಾರ ಕುಮಾರ ಗಂಧರ್ವರು ಗೊತ್ತಲ್ಲ. ಕ್ಷಯ ಆಗಿ ಮಧ್ಯಪ್ರದೇಶದ ದೇವಾಸ್‌ದಾಗ ವರ್ಷಗಟ್ಲೆ ಹಾಸಿಗಿ ಹಿಡದ್ರು, ಹಾಡಬಾರದು ಅಂತ ಡಾಕ್ಟರ್ ಹೇಳಿದ್ರು. ಮಲಕೊಂಡಲ್ಲೇ ಹೊರಗ ಮಾಳವಾದ ಮಂದಿ ಹಾಡೋದು ಕಿವಿಗೆ ಬೀಳತಿತ್ತು. ಎದ್ದ ಮ್ಯಾಲ ಅವರ ಹಾಡಿಕಿಯೊಳಗ ಆ ಲೋಕಗೀತಿ ಬಂದು ಕುಂತವು. ಊರು ಬಿಟ್ಟು ಹೋದ್ರೂ ಇದ್ದಲ್ಲಿ ಕಿವಿ ತೆರಕೊಂಡಿದ್ರು.

ನೀ ಪತ್ರದ ಕೊನೀಗೆ, ತಡ ಆತು ಅಂತ ಹೇಳಾಕ, ನಾಕು ಸಾಲು ಬರದೀದಿ. ದೀಪಾವಳಿ ಮುಂದ ಅಜ್ಜ ತೀರಿಕೊಂಡ, ಕೊನೇ ವಾರ ಯಾರ ಗುರುತೂ ಸಿಗ್ತಿರಲಿಲ್ಲ, ಆದ್ರ ರಾತ್ರಿ ಆತಂದ್ರ ಎಚ್ಚರಾಗಿ ‘ಕರೆಂಟ್ ಬಂತೇನೋ?’ ಅಂತ ಕೇಳ್ತಿದ್ದ ಅಂತ. ಕಬ್ಬಿಗೆ ನೀರು ಹಾಯಿಸೋ ಮನಷಾ, ತ್ರೀ ಫೇಸ್ ರಾತ್ರಿನ ಕೊಡೋದು, ವರ್ಷಾನುಗಟ್ಲೆ ಅದಕ್ಕ ಕಾಯ್ದು ಕಾಯ್ದು ಮಲಗಿದ ಜೀವ. ಬಂತು ಅಂತ ಸುಳ್ಳ ಹೇಳಿದ್ರ ಮಲಕೊಳ್ತಿದ್ದ ಅಂತಾನೂ ಬರದೀದಿ.

ತಮ್ಮಾ, ನಾ ಆ ಸಾಲು ಓದಿ ಪತ್ರ ಕೆಳಗ ಇಟ್ಟು ಹೊರಗ ಹೋಗಿ ನಿಂತೆ. ನಿನ್ನ ಹಾಡು ಅಲ್ಲೈತಿ. ಹೆಸರೂ ಅದ ಇರಲಿ, ‘ಕರೆಂಟ್ ಬಂತೇನೋ’. ಪ್ರಾಸ ಹುಡುಕಬ್ಯಾಡ, ಅಜ್ಜ ಹೆಂಗ ಕೇಳ್ತಿದ್ನೋ ಹಂಗ ಬರಿ, ನೀವು ಹೆಂಗ ಉತ್ತರ ಕೊಡತಿದ್ರೋ ಹಂಗ ಬರಿ, ಮನಿ ಭಾಷಾದಾಗ. ರಾಕ್ ಹಾಡಿಗೆ ನಮ್ಮ ಕಡೆ ಮಾತು ಒಗ್ಗತೈತೇನು ಅಂತ ನಿನ್ನ ರೂಮಿನ ಗೆಳ್ಯಾಗ ಅನುಮಾನ ಇದ್ರ ಮೊದಲು ಹಾಡಿ ಕೇಳಸ್ರಿ ಅವಂಗ.

ಮುಂದಿನ ಸಲ ಊರಿಗೆ ಹೋದಾಗ ರಾತ್ರಿ ಹೊಲದಾಗ ಫೋನ್ ಹಿಡಕೊಂಡು ಕುಂದರು. ಕರೆಂಟ್ ಬಂದಾಗ ಸ್ಟಾರ್ಟರ್ ಡಬ್ಬಿ ಖಟ್ ಅಂತೈತಲ್ಲ, ಆಮ್ಯಾಲ ಮೋಟರ್ ಗುಂಯ್ ಅಂತ ಏಳ್ತೈತಲ್ಲ, ನೀರು ಪೈಪಿನ ಬಾಯಿಗೆ ಬರೋ ಮುಂದ ಗಾಳಿ ಬುಸ್ ಅಂತೈತಲ್ಲ, ಮೂರೂ ರೆಕಾರ್ಡ್ ಮಾಡ್ಕೊಂಡು ಬಾ. ಡ್ರಮ್ ಮಷೀನಿನ ಟಕ್ ಟಕ್ ಒಂದು ಹಾಡಿಗೆ ಸಾಕಾತು, ನಿನ್ನ ಹಾಡಿಗೆ ಅಜ್ಜನ ಸ್ಟಾರ್ಟರ್ ಸಾಕು. ಕಹೋನ್ ಬಡಿಯೋ ಹುಡುಗಗ ಬ್ಯಾಸರ ಆದೀತು, ಅವಂಗ ತಾಳ ಕೊಟ್ಟು ಕುಂದರಿಸು.

ಹಾಡು ಆದ ಮ್ಯಾಲ ಕಳಸು, ಕೇಳಾಕ ಕಾಯ್ತಿರತೀನಿ. ಅವ್ವಗ ನನ್ನ ನಮಸ್ಕಾರ ಹೇಳು.

ನಿನ್ನ ಅಕ್ಕ,
ಸಂಪಾದಕಿ, ಬೆಳಗಾವಿ