ಹಾಮೆಸ್ ಮತ್ತು ಜೇಮ್ಸ್ ಒಬ್ಬರೇ

ಓದುಗರ ಪತ್ರ: ಕಳೆದ ಸಂಚಿಕೆಯ ಫುಟ್‌ಬಾಲ್ ಲೇಖನದಲ್ಲಿ ಒಂದು ಕಡೆ ‘ಜೇಮ್ಸ್ ರಾಡ್ರಿಗ್ವೆಜ್’, ಇನ್ನೊಂದು ಕಡೆ ‘ಹಾಮೆಸ್ ರೊದ್ರೀಗೆಸ್’ ಎಂದಿದೆ. ಇವರು ಇಬ್ಬರೋ ಒಬ್ಬರೋ? ಸ್ಪ್ಯಾನಿಷ್ ಹೆಸರುಗಳನ್ನು ಬರೆಯಲು ಒಂದು ಕ್ರಮ ಬೇಡವೇ?

ಸಂಪಾದಕರ ಉತ್ತರ: ಒಬ್ಬರೇ. 2014ರ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದ ಕೊಲಂಬಿಯಾದ ಆಟಗಾರ. ಹೆಸರಿನ ಕಾಗುಣಿತ ಇಂಗ್ಲಿಷಿನ ಜೇಮ್ಸ್‌ನದೇ, ಆದರೆ ಅವರ ನಾಡಿನವರು ಕರೆಯುವುದು ಹಾಮೆಸ್ ಎಂದು. ಎರಡು ಬಗೆಯಲ್ಲಿ ಅಚ್ಚಾದದ್ದು ನಮ್ಮ ತಪ್ಪು. ಯಾರ ಹೆಸರನ್ನೇ ಆಗಲಿ, ಅವರ ಮನೆಯವರು ಕರೆಯುವಂತೆ ಬರೆಯಬೇಕು. ಕನ್ನಡಕ್ಕೆ ಅದು ಕಷ್ಟವೂ ಅಲ್ಲ.

ಈ ಹೆಸರುಗಳು ಕೆಡುವುದು ಇಂಗ್ಲಿಷಿನ ದಾರಿ ಹಿಡಿದು ಬರುವುದರಿಂದ. ಸ್ಪ್ಯಾನಿಷ್‌ನ ಟಿ, ಡಿ ಅಕ್ಷರಗಳ ಉಚ್ಚಾರ ನಮ್ಮ ತ, ದಗಳಿಗೇ ಹತ್ತಿರ. ಆದ್ದರಿಂದ ಮಾರ್ಟಿನೆಜ್ ಅಲ್ಲ, ಮಾರ್ತೀನೆಸ್. ಜೆ ಅಕ್ಷರ ಹಕಾರ. ಇ, ಐ ಅಕ್ಷರಗಳಿಗೆ ಮೊದಲು ಬರುವ ಜಿ ಕೂಡ ಹಾಗೆಯೇ: ಹೋರ್ಹೆ, ಆಂಹೆಲ್. ಎಚ್ ಬರೆದಲ್ಲಿ ಮಾತ್ರ ಹಕಾರವಿಲ್ಲ. ಹೆರ್ನಾಂಡೆಜ್ ಎಂದು ನಾವು ಬರೆಯುತ್ತಿದ್ದುದು ಎರ್ನಾಂದೆಸ್ ಆಗಬೇಕು. ಜಿ-ಯು-ಇ ಒಟ್ಟಿಗೆ ಬಂದರೆ ಯು ಮೌನ, ಹಾಗಾಗಿ ರೊದ್ರೀಗೆಸ್‌ನಲ್ಲಿ ‘ಗ್ವೆ’ ಇಲ್ಲ. ಸ್ವರದ ಮೇಲೆ ಓರೆ ಗೀಟು ಕಂಡರೆ ಒತ್ತು ಅಲ್ಲಿದೆ ಎಂದರ್ಥ; ಅಲ್ಲಿ ದೀರ್ಘ ಹಾಕಿದರೆ ಕಿವಿಗೆ ಸರಿಹೋಗುತ್ತದೆ. ಪದದ ಕೊನೆಯ ಝಡ್ ಲ್ಯಾಟಿನ್ ಅಮೆರಿಕದಲ್ಲಿ ಸ್, ಸ್ಪೇನ್‌ನ ಬಹುಭಾಗದಲ್ಲಿ ಹಲ್ಲುಗಳ ನಡುವೆ ನಾಲಿಗೆಯಿಟ್ಟು ಹೇಳುವ ಥ್. ಎರಡಕ್ಕೂ ಸ್ ಎಂದೇ ಅಚ್ಚು ಹಾಕುತ್ತೇವೆ.

ಹೆಚ್ಚು ಎಡವುವುದು ಸ್ಪೇನ್ ತಂಡದಲ್ಲೇ, ಏಕೆಂದರೆ ಅಲ್ಲಿನ ಎಲ್ಲ ಹೆಸರುಗಳೂ ಸ್ಪ್ಯಾನಿಷ್ ಅಲ್ಲ. ಜೊರ್ದಿ ಆಲ್ಬಾ, ಜೆರಾರ್ದ್ ಪಿಕೆ ಎಂಬ ಹೆಸರುಗಳು ಸ್ಪೇನ್‌ನ ಈಶಾನ್ಯ ಭಾಗದ ಕತಲಾನ್ ಭಾಷೆಯವು; ಮೇಲಿನ ಹಕಾರದ ನಿಯಮ ಹಚ್ಚಿ ‘ಹೊರ್ದಿ’ ಎಂದರೆ ತಪ್ಪು. 2010ರ ವಿಶ್ವಕಪ್ ಗೆದ್ದ ತಂಡದ ಚಾವಿ ಕತಲಾನ್ ಹೆಸರು, ಶಾಬಿ ಸ್ಪೇನ್‌ನ ಉತ್ತರ ಭಾಗದ ಬಾಸ್ಕ್ ಭಾಷೆಯ ಹೆಸರು. ರೋಮನ್ ಲಿಪಿಯಲ್ಲಿ (Xavi, Xabi) ಒಂದೇ ಅಕ್ಷರದ ವ್ಯತ್ಯಾಸ. ಬರೆಯುವ ಮುನ್ನ ಆಟಗಾರ ಯಾವ ಪ್ರಾಂತ್ಯದವರೆಂದು ನೋಡಬೇಕು.

ಇನ್ನು ಎರಡು ಮನೆತನದ ಹೆಸರುಗಳ ವಿಷಯ. ಸಾಮಾನ್ಯವಾಗಿ ಮೊದಲನೆಯದು ತಂದೆಯದು, ಎರಡನೆಯದು ತಾಯಿಯದು. ಟೆನಿಸ್‌ನ ರಫಾಯೆಲ್ ನದಾಲ್ ಪರೇರಾ ಅವರನ್ನು ‘ಪರೇರಾ’ ಎಂದು ಕರೆಯಲಾಗದು. ತಾಯಿಯ ಹೆಸರು ಕೆಲವೊಮ್ಮೆ ಗೊಂದಲವನ್ನೂ ಬಿಡಿಸುತ್ತದೆ. ಲುಯಿಸ್ ಸ್ವಾರೆಸ್ ಎಂಬವರು ಇಬ್ಬರು: ಶ್ರೇಷ್ಠ ಫುಟ್‌ಬಾಲ್ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು 1960ರಲ್ಲಿ ಪಡೆದವರು ಸ್ಪೇನ್‌ನ ಲುಯಿಸ್ ಸ್ವಾರೆಸ್ ಮಿರಮೊಂತೆಸ್, ಉರುಗ್ವೆಯ ಗೋಲುಗಾರನೋ ಲುಯಿಸ್ ಸ್ವಾರೆಸ್ ದೀಯಸ್. ಅಂಗಿಯ ಮೇಲಿನ ಹೆಸರನ್ನಂತೂ ಮನೆತನದ್ದೆಂದು ನಂಬಬೇಡಿ. ಕೊಲಂಬಿಯಾದ ರದಮೆಲ್ ಫಲ್ಕಾವೊ ಗಾರ್ಸೀಯಾ ಅವರ ಫಲ್ಕಾವೊ, ಅದೇ ಹೆಸರಿನ ಬ್ರೆಜಿಲ್‌ನ ಆಟಗಾರನ ನೆನಪಿಗೆ ಇಟ್ಟ ಹೆಸರು. ಸ್ಪೇನ್‌ನ ಆಟಗಾರ ರೊದ್ರಿಯ ಹೆಸರು ರೊದ್ರೀಗೊದ ಮೊಟಕು. ಅವರ ಮನೆತನ ಎರ್ನಾಂದೆಸ್.

ಮರಡೋನಾ ಮಾತ್ರ ಮರಡೋನಾ ಆಗಿಯೇ ಉಳಿಯುತ್ತಾರೆ. ‘ಮಾರಾದೋನಾ’ ಹೆಚ್ಚು ಸರಿ ಎಂಬುದು ನಿಜ. ಆದರೆ ಕನ್ನಡದ ಬಾಯಲ್ಲಿ ಬೇರೂರಿದ ರೂಪವನ್ನು ಕೀಳಲು ನಾವು ಸಿದ್ಧರಿಲ್ಲ.