ರೆಕ್ವಿಯಂಗೆ ಯಾವ ಬಣ್ಣ?

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮಾಸ್ತರ. ಹೆಂಡತಿ ತೀರಿಕೊಂಡ ಮೇಲೆ ಮೊಮ್ಮಗಳು ಯುರೋಪಿನ ಸಂಗೀತಗಾರ ಮೊಜಾರ್ಟ್‌ನ ರೆಕ್ವಿಯಂ ಕೇಳಿಸಿದಳು. ಅದನ್ನು ಚಿತ್ರವಾಗಿ ಬಿಡಿಸುವ ಆಸೆ. ಹಿಂದೆ ಯಾರಾದರೂ ಹೀಗೆ ಮಾಡಿದ್ದಾರಾ?
– ಓದುಗರು, ಧಾರವಾಡ

ಉತ್ತರ: ಮಾಡಿದ್ದಾರೆ, ಮಾಸ್ತರೇ. ಲಿಥುವೇನಿಯಾದ ಚುರ್ಲ್ಯೋನಿಸ್ ವಾರ್ಸಾ, ಲೈಪ್‌ಜಿಗ್‌ಗಳಲ್ಲಿ ಸಂಗೀತ ಕಲಿತು, ಆಮೇಲೆ ಚಿತ್ರಕ್ಕೆ ಬಂದವರು. 1903ರಲ್ಲಿ ಅವರು ಪೇಸ್ಟಲ್‌ನಲ್ಲಿ 7 ಚಿತ್ರಗಳ 'ಶವಯಾತ್ರೆಯ ಸಿಂಫನಿ' ಬಿಡಿಸಿದರು. ರೆಕ್ವಿಯಂ ಅಂದರೆ ಸತ್ತವರಿಗಾಗಿ ಚರ್ಚಿನಲ್ಲಿ ಹಾಡುವ ಲ್ಯಾಟಿನ್ ಪೂಜೆ. ಚುರ್ಲ್ಯೋನಿಸ್ ಬಿಡಿಸಿದ್ದು ಅದಲ್ಲ, ಆದರೆ ದುಃಖ ಅದೇ. ನಮ್ಮ ಪಲ್ಲವಿಯ ಹಾಗೆ ಇಲ್ಲಿ ಶವದ ಮೆರವಣಿಗೆ ಮತ್ತೆ ಮತ್ತೆ ಬರುತ್ತದೆ. ಒಂದೇ ಚಿತ್ರ ನೋಡಿದರೆ ಸಾಲದು, ಸಾಲಾಗಿ ನೋಡಬೇಕು. 1911ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 35 ವರ್ಷ. ನೆನೆದರೆ ಈಗಲೂ ಸಂಕಟವಾಗುತ್ತದೆ.

ನೀವು ಇಡೀ ರೆಕ್ವಿಯಂ ಹಿಡಿಯಲು ಹೋಗಬೇಡಿ. ಅದರಲ್ಲಿ ಕಣ್ಣೀರಿನ ದಿನವನ್ನು ಹಾಡುವ 'ಲ್ಯಾಕ್ರಿಮೋಸಾ' ಭಾಗ ಒಂದೇ ಸಾಕು. ಅದರ ಮೊದಲ 8 ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಆದಮೇಲೆ ಮೊಜಾರ್ಟ್‌ನ ಕೈಬರಹ ನಿಂತುಹೋಗುತ್ತದೆ. 1791ರಲ್ಲಿ ಅವನು ತೀರಿಕೊಂಡ, ಉಳಿದದ್ದನ್ನು ಬೇರೆಯವರು ಪೂರ್ತಿ ಮಾಡಿದರು. ಆ ನಿಂತ ಜಾಗಕ್ಕೆ ಹಾಳೆಯಲ್ಲೂ ಸ್ವಲ್ಪ ಖಾಲಿ ಬಿಡಬಹುದು, ಅಲ್ವಾ?

ನಮ್ಮ ಅಮ್ಮ ತೀರಿಕೊಂಡ ವರ್ಷ ನಾನೂ ಇದನ್ನೇ ಕೇಳುತ್ತಾ ಬಿಡಿಸಿದೆ. ಸಾವು ಅಂತ ಸುಮ್ನೆ ಕಪ್ಪು ಬಳಿದೆ. ಜಾಸ್ತಿಯಾಗಿ ಮೂರು ಹಾಳೆ ಕೆಟ್ಟವು. ಕೊನೆಗೆ ಕೂಡಿಬಂದದ್ದು ಅಮ್ಮನ ಹಳೇ ಸೀರೆಯ ಮಾಸಲು ಹಸಿರು. ನಿಮ್ಮ ಮನೆಯವರಿಗೆ ಯಾವ ಬಣ್ಣ ಇಷ್ಟವಿತ್ತು? ಅದರಿಂದಲೇ ಶುರು ಮಾಡಿ.