ಬಾನ್ಸುರಿಯ ರಿಯಾಜ್ ಕ್ಲಾರಿನೆಟ್ಟಿಗೆ ಒಗ್ಗುತ್ತದೆಯೇ?

ಪ್ರಶ್ನೆ: ನಾನು ಬಾನ್ಸುರಿ ಕಲಿತವನು. ಈಗ ಬ್ಯಾಂಡ್ ಕಂಪನಿಯ ಆರು ಹುಡುಗರಿಗೆ ಕ್ಲಾರಿನೆಟ್ ಹೇಳಿಕೊಡುತ್ತೇನೆ. ದೀರ್ಘಸ್ವರ, ಅಲಂಕಾರ ಎಲ್ಲ ಬಾನ್ಸುರಿಯಂತೆಯೇ ಮಾಡಿಸುತ್ತೇನೆ. ಕೆಳಗಿನ ಸ್ವರಗಳು ಚೆನ್ನಾಗಿವೆ, ಮೇಲೆ ಹೋದರೆ ಚೀರುತ್ತವೆ. ನನ್ನ ಪದ್ಧತಿಯೇ ತಪ್ಪೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಪದ್ಧತಿ ತಪ್ಪಲ್ಲ, ಮೇಲಿನ ಸ್ವರಗಳ ಪಾಠವನ್ನು ಮಾತ್ರ ಬದಲಿಸಿ. ಬಾನ್ಸುರಿಯಲ್ಲಿ ಅದೇ ಬೆರಳಿಟ್ಟು ಉಸಿರು ಬಿಗಿ ಮಾಡಿದರೆ ಸಾ ಹೋಗಿ ತಾರ ಸಾ (ಮೇಲಿನ ಸಪ್ತಕದ ಸಾ) ಬರುತ್ತದೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಬಹುತೇಕ ಒಂದೇ ಅಗಲ, ರೀಡು (ಊದಿದಾಗ ಅದುರುವ ತೆಳು ಪಟ್ಟಿ) ಇರುವ ತುದಿಯಲ್ಲಿ ಮುಚ್ಚಿದಂತೆ ವರ್ತಿಸುತ್ತದೆ. ಹಾಗಾಗಿ ಸಾ ನೇರ ತಾರ ಪಂಚಮಕ್ಕೆ ಜಿಗಿಯುತ್ತದೆ. ಜಿಗಿಸುವುದು ಎಡ ಹೆಬ್ಬೆರಳಿನ ರಿಜಿಸ್ಟರ್ ಕೀ, ಉಸಿರಲ್ಲ. ‘ಜೋರಾಗಿ ಊದು’ ಎಂದರೆ ಹುಡುಗ ರೀಡು ಕಚ್ಚುತ್ತಾನೆ, ಚೀರುವುದು ಅದಕ್ಕೇ.

ಬಿ-ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಿ ಹೆಬ್ಬೆರಳಿನ ರಂಧ್ರ, ಮುಂದಿನ ಆರು ರಂಧ್ರ ಮುಚ್ಚಿದಾಗ ಬರುವ ಸ್ವರವನ್ನು ಸಾ ಎಂದು ಹಿಡಿಯಿರಿ. ಹಾರ್ಮೋನಿಯಂನ ಬಿಳಿ ನಾಲ್ಕಕ್ಕೆ ಕೂಡುತ್ತದೆ. ಎಲ್ಲ ಬೆರಳು ಎತ್ತಿದರೆ ತಾರ ಸಾ. ಈ ಸಪ್ತಕಕ್ಕೆ ರಿಜಿಸ್ಟರ್ ಕೀ ಬೇಕಾಗುವುದೇ ಇಲ್ಲ, ಮೊದಲ ಅಲಂಕಾರಗಳೆಲ್ಲ ಇಲ್ಲಿಯೇ ಆಗಲಿ. ದೀರ್ಘಸ್ವರಕ್ಕೆ ನಿಮಿಷಕ್ಕೆ 60 ಮಾತ್ರೆಯ ಲಯ, ಸ್ವರಕ್ಕೆ 8 ಮಾತ್ರೆ. ಅಲುಗದೆ ನಿಂತ ಮೇಲೆ 12, ಆಮೇಲೆ 16.

ಜಿಗಿತವನ್ನು ಮಧ್ಯಮ (ಮ) ಸ್ವರದಿಂದ ಶುರುಮಾಡಿಸಿ. ಅಲ್ಲಿ ಹೆಬ್ಬೆರಳು, ಎಡಗೈಯ ಮೂರು ಬೆರಳು ಅಷ್ಟೇ. 4 ಮಾತ್ರೆ ಊದಲಿ. ಉಸಿರು ನಿಲ್ಲಿಸದೆ, ಹೆಬ್ಬೆರಳನ್ನು ರಂಧ್ರದಿಂದ ಎತ್ತದೆ, ತುದಿಯನ್ನು ಹೊರಳಿಸಿ ಕೀ ಒತ್ತಲಿ. ಮೇಲಿನ ಸ್ವರ ಇನ್ನೂ 4 ಮಾತ್ರೆ. ತುಟಿ ಇದ್ದ ಹಾಗೇ ಇರಬೇಕು. ಆಮೇಲೆ ಗ, ರೆ, ಸಾ ಎಂದು ಇಳಿಯಿರಿ. ಇಳಿದಷ್ಟೂ ಮುಚ್ಚುವ ರಂಧ್ರ ಹೆಚ್ಚು, ಗಾಳಿ ಸೋರುವ ಜಾಗವೂ ಹೆಚ್ಚು. ಸಾ ಹತ್ತಿರ ಕೆಟ್ಟರೆ ಬಲಗೈ ಉಂಗುರ ಬೆರಳನ್ನು ಮೊದಲು ನೋಡಿ.

ಬಾನ್ಸುರಿಯಲ್ಲಿ ಸ್ವರ ಶುರುಮಾಡುವ ‘ತು’ಗೆ ನಾಲಿಗೆ ಅಂಗುಳಕ್ಕೆ ತಾಗುತ್ತದೆ, ಇಲ್ಲಿ ರೀಡಿನ ತುದಿಗೆ ತಾಗಬೇಕು. ಇದನ್ನು ಮೊದಲ ವಾರವೇ ತಿದ್ದಿ, ಆಮೇಲೆ ಕಷ್ಟ. ರೀಡು 2ನೇ ನಂಬರಿನದು ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಒಣಗಿ ತುದಿ ಸೊಟ್ಟಗಾಗುತ್ತದೆ, ಊದುವ ಮುನ್ನ ಒಂದೆರಡು ನಿಮಿಷ ಬಾಯಲ್ಲಿ ನೆನೆಸಲಿ.

ಬೇರೆ ವಾದ್ಯದ ಪಾಠ ಎರವಲು ತರಲು ಅಳುಕಬೇಡಿ. ಕ್ಲಾರಿನೆಟ್ ಕಲಿಯುವವರು ನುಡಿಸುವ, ಫ್ರೆಂಚ್ ಕ್ಲಾರಿನೆಟ್ ವಾದಕ ರೋಸ್‌ನ 32 ಅಭ್ಯಾಸಗಳಲ್ಲಿ ಹೆಚ್ಚಿನವು ಓಬೋ ಎಂಬ ಇನ್ನೊಂದು ರೀಡು ವಾದ್ಯಕ್ಕೆ ಜರ್ಮನ್ ವಾದಕ ಫರ್ಲಿಂಗ್ ಬರೆದವು, ರೋಸ್ ಕ್ಲಾರಿನೆಟ್ಟಿಗೆ ಹೊಂದಿಸಿದ್ದು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಮಾತ್ರ ಈಗಲೇ ಬೇಡ. ಸ್ವರ ನಿಲ್ಲದ ಹುಡುಗ ಬೆರಳು ಜಾರಿಸಿದರೆ ಶ್ರುತಿ ಇಳಿಯುತ್ತದೆ, ಇಳಿದದ್ದು ಅವನ ಕಿವಿಗೆ ಗೊತ್ತೇ ಆಗುವುದಿಲ್ಲ.